ಸಿ ಭಾಷೆಯಲ್ಲಿ ಯಾದೃಚ್ಛಿಕ ಸಂಖ್ಯೆಗಳು

ನಲವತ್ತು ಮಕ್ಕಳ ತರಗತಿಯಲ್ಲಿ ದಿನಕ್ಕೆ ಐವರನ್ನು ಕರಿಹಲಗೆಯ ಬಳಿಗೆ ಕರೆಯಬೇಕಾಗಿದೆ ಎಂದಿಟ್ಟುಕೊಳ್ಳೋಣ. ಪಕ್ಷಪಾತವಿಲ್ಲದೆ ಆರಿಸಲು ಮಕ್ಕಳಿಂದಲೇ ಒಂದು ಪ್ರೋಗ್ರಾಮ್ ಬರೆಸಿರಿ.

ಸಿ ಭಾಷೆಯ ‘ರ್ಯಾಂಡ್’ ಫಂಕ್ಷನ್ ಪ್ರತಿ ಕರೆಗೂ ಸೊನ್ನೆ ಅಥವಾ ಅದಕ್ಕಿಂತ ದೊಡ್ಡದಾದ ಒಂದು ಪೂರ್ಣಾಂಕವನ್ನು ಕೊಡುತ್ತದೆ; ಅದರ ಗರಿಷ್ಠ ಮಿತಿ 32767ಕ್ಕಿಂತ ಕಡಿಮೆಯಿರದು. ಆ ಸಂಖ್ಯೆಯನ್ನು 40ರಿಂದ ಭಾಗಿಸಿ, ಉಳಿದ ಶೇಷಕ್ಕೆ 1 ಕೂಡಿಸಿದರೆ 1ರಿಂದ 40ರೊಳಗಿನ ಹಾಜರಿ ಸಂಖ್ಯೆ ದೊರೆಯುತ್ತದೆ. ‘ಫಾರ್’ ಲೂಪಿನಲ್ಲಿ ಐದು ಸಲ ಇದನ್ನು ಮಾಡಿ, ‘ಪ್ರಿಂಟ್‌ಎಫ್’ನಿಂದ ಮುದ್ರಿಸಿರಿ.

ಮರುದಿನ ಅದೇ ಪ್ರೋಗ್ರಾಮನ್ನು ನಡೆಸಿದರೆ ಅದೇ ಐದು ಸಂಖ್ಯೆಗಳು ಬರುತ್ತವೆ! ಇದನ್ನು ಮೊದಲೇ ಹೇಳದಿರಿ. ಮಕ್ಕಳೇ ಕಂಡು ಕಾರಣ ಕೇಳಲಿ. ಕಂಪ್ಯೂಟರು ಚೀಟಿ ಎತ್ತುವುದಿಲ್ಲ, ಲೆಕ್ಕ ಮಾಡುತ್ತದೆ. ಆ ಲೆಕ್ಕದ ಆರಂಭಿಕ ಮೌಲ್ಯವೇ ಬೀಜ. ನಾವು ಕೊಡದಿದ್ದರೆ ಬೀಜ ಯಾವಾಗಲೂ 1 ಆಗಿರುತ್ತದೆ.

ಪರಿಹಾರವಾಗಿ ‘ಎಸ್‌ರ್ಯಾಂಡ್’ಗೆ ‘ಟೈಮ್’ ಫಂಕ್ಷನ್ನಿನ ಮೌಲ್ಯವನ್ನು ಬೀಜವಾಗಿ ಕೊಡಿಸಿರಿ. ಇದು ಲೂಪಿನ ಮೊದಲು ಒಮ್ಮೆ ಮಾತ್ರ ಇರಬೇಕು. ಒಳಗಿಟ್ಟರೆ, ಅದೇ ಸೆಕೆಂಡಿನಲ್ಲಿ ಬೀಜ ಬದಲಾಗದೆ ಸಾಮಾನ್ಯವಾಗಿ ಐದು ಸಲವೂ ಒಂದೇ ಮಗುವಿನ ಸರದಿ ಬರುತ್ತದೆ.

ಅಭ್ಯಾಸ: ಐದರಲ್ಲಿ ಒಂದೇ ಸಂಖ್ಯೆ ಎರಡು ಸಲ ಬಂದರೆ ಏನು ಮಾಡಬೇಕು? ಮಕ್ಕಳೊಡನೆ ಚರ್ಚಿಸಿರಿ.