ಮುರಕಲ್ಲಿನ ಗೋಡೆಯ ಜರಿಗಿಡ: ಬೀಜವಿಲ್ಲದೆ ಹುಟ್ಟುವುದು ಹೇಗೆ?

ಮಳೆಗಾಲ ಬಂತೆಂದರೆ ಕಾಸರಗೋಡಿನ ಕಡೆ ಮುರಕಲ್ಲಿನ ಗೋಡೆಯ ತುಂಬ ಜರಿಗಿಡ. ಅದರಲ್ಲಿ ಒಂದು ಬಗೆಯ ಎಲೆಯನ್ನು ಕೈಮೇಲೆ ಒತ್ತಿ ಮಕ್ಕಳು ಬೆಳ್ಳಿ ಅಚ್ಚು ಹಾಕಿಕೊಳ್ಳುತ್ತಾರೆ. ಕಳೆದ ವರ್ಷ ಒಬ್ಬಳು ಆ ಅಚ್ಚು ತೋರಿಸಿ, "ಟೀಚರ್, ಈ ಬಿಳಿ ಹುಡಿ ಇದರ ಬೀಜವಾ?" ಅಂತ ಕೇಳಿದಳು. "ಹೌದು, ಬೀಜದ ಹಾಗೇ" ಎಂದುಬಿಟ್ಟೆ. ಒಂದೇ ಉತ್ತರದಲ್ಲಿ ಎರಡು ತಪ್ಪು! ಅದನ್ನು ತಿದ್ದಲು ಮಾಡಿದ ಪಾಠ ಇದು.

ಮೊದಲ ತಪ್ಪು: ಬಿಳಿ ಹುಡಿಗೂ ಸಂತಾನಕ್ಕೂ ಸಂಬಂಧವಿಲ್ಲ. ಅದು ಎಲೆಯಡಿಯ ಗ್ರಂಥಿಗಳು ಸ್ರವಿಸುವ ವಸ್ತು. ಸಂತಾನದ ಕೆಲಸ ಅದೇ ಎಲೆಯಡಿಯ ಕಂದು-ಕಪ್ಪು ಕಣಗಳದ್ದು. ಅವು ಬೀಜಕಧಾನಿಗಳು. ಹೆಚ್ಚಿನ ಜರಿಗಿಡಗಳಲ್ಲಿ ಒಂದೊಂದರೊಳಗೂ 64 ಬೀಜಕಗಳಿರುತ್ತವೆ. ಬೀಜಕಧಾನಿಯ ಉಂಗುರ ಒಣಗುತ್ತಾ ಹಿಂದಕ್ಕೆ ಬಾಗಿ, ತಟ್ಟನೆ ಮರಳಿದಾಗ ಅವು ಕವಣೆಕಲ್ಲಿನಂತೆ ಹಾರುತ್ತವೆ.

ಎರಡನೆಯ ತಪ್ಪು: ಬೀಜಕ ಬೀಜವಲ್ಲ. ನೆನೆಸಿದ ಕಡಲೆಯನ್ನು ಬಿಡಿಸಿ ತೋರಿಸಿ. ಒಳಗೆ ಪುಟ್ಟ ಸಸಿ ಇದೆ, ಅದಕ್ಕೆ ಬುತ್ತಿಯೂ ಇದೆ. ಬೀಜಕವೋ ಬರೀ ಒಂದು ಜೀವಕೋಶ. ಅದು ಮೊಳೆತರೆ ಜರಿಗಿಡ ಬರುವುದಿಲ್ಲ. ಉಗುರಿಗಿಂತ ಚಿಕ್ಕದಾದ, ಹೃದಯದ ಆಕಾರದ ಹಸಿರು ಹಾಳೆ ಬರುತ್ತದೆ. ಇದೇ ಪ್ರೋಥ್ಯಾಲಸ್. ಬೇರಿಲ್ಲ, ಕ್ಸೈಲಂ-ಫ್ಲೋಯಂ ಇಲ್ಲ. ಆದರೂ ತನ್ನ ಆಹಾರ ತಾನೇ ತಯಾರಿಸುತ್ತದೆ. ಗಂಡು-ಹೆಣ್ಣು ಲಿಂಗಾಣುಗಳು ಹುಟ್ಟುವುದು ಇದರ ಅಡಿಯಲ್ಲಿ. ಗಂಡು ಲಿಂಗಾಣು ನೀರಿನ ಪದರದಲ್ಲಿ ಈಜಿ ಅಂಡವನ್ನು ಸೇರಬೇಕು. ಸೇರಿದ ಮೇಲೆ ಅಲ್ಲಿಂದಲೇ ಎಳೆಯ ಜರಿಗಿಡ ಏಳುತ್ತದೆ.

ಜರಿಗಿಡ ಒದ್ದೆ ಗೋಡೆಯನ್ನೇ ಹುಡುಕುವುದು ಯಾಕೆ ಎಂಬುದಕ್ಕೂ ಉತ್ತರ ಇಲ್ಲಿದೆ. ಬೆಳೆದ ಗಿಡಕ್ಕೆ ಬೇರು, ನಾಳಗಳಿವೆ. ಸ್ವಲ್ಪ ಒಣಹವೆ ತಡೆದೀತು. ಹಾಳೆಮರಿಗೆ ಆ ಶಕ್ತಿಯಿಲ್ಲ. ಅದು ಬದುಕಿ, ಮೇಲೆ ನೀರು ನಿಂತ ಕಡೆ ಮಾತ್ರ ಮುಂದಿನ ಗಿಡ.

ತರಗತಿಯಲ್ಲಿ ಮಾಡಿ ನೋಡಿ

1. ಕಂದು ಚುಕ್ಕೆ ಬಲಿತ ಜರಿಯೆಲೆಯನ್ನು ಬಿಳಿ ಕಾಗದದ ಮೇಲೆ ಚುಕ್ಕೆ ಕೆಳಗಾಗುವಂತೆ ಇಟ್ಟು, ಇನ್ನೊಂದು ಕಾಗದ ಮುಚ್ಚಿ ಎರಡು ದಿನ ಬಿಡಿ. ಹುಡಿಯಂತೆ ಬೀಜಕ ಉದುರಿರುತ್ತದೆ.

2. ಇಟ್ಟಿಗೆ ಚೂರನ್ನು ನೀರಲ್ಲಿ ಕುದಿಸಿ ಆರಿಸಿ. ಇಲ್ಲದಿದ್ದರೆ ಬೂಷ್ಟು ಗೆಲ್ಲುತ್ತದೆ. ಗಾಜಿನ ಭರಣಿಯಲ್ಲಿ ಸ್ವಲ್ಪ ಕುದಿಸಿ ಆರಿಸಿದ ನೀರು ಹಾಕಿ, ಚೂರನ್ನಿಟ್ಟು, ಬೀಜಕ ತೆಳ್ಳಗೆ ಉದುರಿಸಿ ಮುಚ್ಚಿ.

3. ನೇರ ಬಿಸಿಲು ಬೀಳದ ಕಿಟಕಿಯ ಹತ್ತಿರ ಇಡಿ. ಕೆಲವು ವಾರಗಳಲ್ಲಿ ಪಾಚಿಯಂಥ ಹಸಿರು, ಆಮೇಲೆ ಪುಟ್ಟ ಹೃದಯಗಳು. ಭೂತಗನ್ನಡಿಯಲ್ಲಿ ನೋಡಿ ಚಿತ್ರ ಬರೆಸಿ.

4. ಹೃದಯಗಳು ಕಂಡ ಮೇಲೆ ಆಗಾಗ ನೀರು ಚಿಮುಕಿಸಿ. ಅವಸರ ಬೇಡ, ತಿಂಗಳುಗಳೇ ಹಿಡಿಯುತ್ತವೆ.

ಚರ್ಚೆಗೆ: ಬೀಜ ಬಿಡುವ ಸಸ್ಯಗಳು ಒಣನೆಲಕ್ಕೂ ಹರಡಿದವು. ಜರಿಗಿಡದ ಗಂಡು ಲಿಂಗಾಣು ಈಜಿ ಹೋಗುವ ದಾರಿಗೆ ಅವುಗಳಲ್ಲಿ ಬದಲಿ ಯಾವುದು? (ಸುಳಿವು: ಪರಾಗ.)

ನಮ್ಮ ಭರಣಿಯಲ್ಲಿ ಮೊದಲ ಸುರುಳಿ ಎಲೆಯನ್ನು ಕಂಡವಳು ಆ ಹುಡುಗಿಯೇ. "ಟೀಚರ್, ಇದರ ಅಮ್ಮ ಜರಿಗಿಡ ಅಲ್ಲ ಅಲ್ವಾ, ಆ ಹಾಳೆ!" ಅಂದಳು. ನಾನು ತಪ್ಪಿದ್ದು ಸಾರ್ಥಕವಾಯಿತು ಅನಿಸಿತು.