ಮುಖದ ಮೂಳೆ ಮುರಿದಾಗ ಉಸಿರಿನ ದಾರಿ

ಪ್ರಶ್ನೆ (ಗಡಹಿಂಗ್ಲಜ): ಕಬ್ಬಿನ ಟ್ರೇಲರ್‌ಗೆ ಹಿಂದಿನಿಂದ ಬೈಕ್ ಗುದ್ದಿ ಮೂಗು ಮತ್ತು ಎರಡೂ ದವಡೆ ಮುರಿದುಕೊಂಡ ತರುಣನಿಗೆ ಕೊಲ್ಹಾಪುರದಲ್ಲಿ ಶಸ್ತ್ರಚಿಕಿತ್ಸೆ ನಿಗದಿಯಾಗಿದೆ. ಉಸಿರಾಟದ ನಳಿಕೆಯನ್ನು ಗದ್ದದ ಕೆಳಗೆ ಕೊಯ್ದು ಹೊರತೆಗೆಯುವುದಾಗಿ ವೈದ್ಯರು ಹೇಳಿದ್ದಾರೆ. ಮೊದಲೇ ಗಾಯಗೊಂಡ ಮುಖಕ್ಕೆ ಇನ್ನೊಂದು ಗಾಯ ಬೇಕೇ?

ಉತ್ತರ: ಪೂರ್ಣ ಅರಿವಳಿಕೆಯಲ್ಲಿ ಸ್ನಾಯುಗಳು ಸಡಿಲಗೊಂಡು ಉಸಿರಾಟವನ್ನು ಯಂತ್ರವೇ ನಡೆಸಬೇಕಾಗುವುದರಿಂದ ಇಂತಹ ದೊಡ್ಡ ಶಸ್ತ್ರಚಿಕಿತ್ಸೆಗಳಲ್ಲಿ ಶ್ವಾಸನಾಳದೊಳಗೆ ಒಂದು ನಳಿಕೆ ಇರಲೇಬೇಕು. ಹೊಟ್ಟೆಯ ಶಸ್ತ್ರಚಿಕಿತ್ಸೆಯಲ್ಲಿ ಅದು ಬಾಯಿಯ ಮೂಲೆಯಲ್ಲಿ ಯಾರಿಗೂ ಅಡ್ಡಿಯಾಗದೆ ಇರುತ್ತದೆ. ಆದರೆ ಮುಖದ ಮೂಳೆಗಳನ್ನು ಕೂಡಿಸುವಾಗ ಶಸ್ತ್ರವೈದ್ಯರು ಕೆಲಸ ಮಾಡುವ ಜಾಗವೂ ಅರಿವಳಿಕೆ ತಜ್ಞರು ಕಾಯುವ ದಾರಿಯೂ ಒಂದೇ ಆಗಿಬಿಡುತ್ತದೆ. ಚೂರಾದ ದವಡೆಯನ್ನು ಸರಿಯಾಗಿ ಜೋಡಿಸಲು ಇರುವ ನಂಬಿಕೆಯ ಅಳತೆಯೆಂದರೆ ಹಲ್ಲುಗಳ ಕಚ್ಚು, ಅಂದರೆ ಬಾಯಿ ಮುಚ್ಚಿದಾಗ ಮೇಲಿನ ಸಾಲು ಕೆಳಗಿನ ಸಾಲಿನ ಮೇಲೆ ಕೂರುವ ರೀತಿ. ಆದ್ದರಿಂದ ಮೊದಲು ಎರಡೂ ಸಾಲುಗಳನ್ನು ತಂತಿಯಿಂದ ಬಿಗಿದು, ಆಮೇಲೆ ಮೂಳೆಗಳಿಗೆ ಟೈಟಾನಿಯಂ ಪಟ್ಟಿ ಮತ್ತು ಸ್ಕ್ರೂ ಕೂರಿಸುತ್ತಾರೆ. ಹಲ್ಲುಗಳ ನಡುವೆ ನಳಿಕೆ ಇದ್ದರೆ ಬಾಯಿ ಮುಚ್ಚುವುದೇ ಇಲ್ಲ. ಕಚ್ಚು ತಪ್ಪಿ ಕೂಡಿದ ದವಡೆಯಲ್ಲಿ ಮುಂದೆ ಜೋಳದ ರೊಟ್ಟಿ ಅಗಿಯುವುದೂ ಕಷ್ಟವಾಗುತ್ತದೆ.

ಮೂಗಿನ ದಾರಿಗೂ ತೊಡಕಿದೆ. ಮೇಲ್ದವಡೆ ಯಾವ ಗೆರೆಗಳಲ್ಲಿ ಒಡೆಯುತ್ತದೆಂಬುದನ್ನು ಫ್ರಾನ್ಸಿನ ರೆನೆ ಲ ಫೋರ್ 1901ರಲ್ಲಿ ಮೂರು ಬಗೆಯಾಗಿ ವಿಂಗಡಿಸಿದರು. ಇವುಗಳಲ್ಲಿ ಎರಡನೆಯ ಮತ್ತು ಮೂರನೆಯ ಬಗೆಯ ಒಡಕುಗಳು ಮೂಗಿನ ಬುಡವನ್ನು ದಾಟಿ ಹೋಗುವುದರಿಂದ ತಲೆಬುರುಡೆಯ ತಳಕ್ಕೂ ಪೆಟ್ಟಾಗಿರಬಹುದು. ಮೂಗಿನ ಮೇಲ್ಭಾಗವನ್ನು ಮಿದುಳಿನಿಂದ ಬೇರ್ಪಡಿಸುವ, ಸಣ್ಣ ತೂತುಗಳುಳ್ಳ ತೆಳು ಮೂಳೆ ಮುರಿದಿದ್ದರೆ, ಮೂಗಿನೊಳಗೆ ತೂರಿಸಿದ ನಳಿಕೆ ಮಿದುಳಿನ ಕಡೆಗೆ ಹೊರಳುವ ಅಪಾಯವಿದೆ. ಇದು ವಿರಳವಾದರೂ ವೈದ್ಯಕೀಯ ದಾಖಲೆಗಳಲ್ಲಿ ಇರುವ ಸಂಗತಿಯೇ. ಮೂಗಿನಿಂದ ನೀರಿನಂತಹ ತಿಳಿ ದ್ರವ ತೊಟ್ಟಿಕ್ಕುತ್ತಿದ್ದರೆ ಅದು ಮಿದುಳನ್ನು ಸುತ್ತುವರಿದ ದ್ರವವಾಗಿರಬಹುದಾದ್ದರಿಂದ ಸಂಶಯ ಗಟ್ಟಿಯಾಗುತ್ತದೆ. ಅಂತಹ ರೋಗಿ ಜೋರಾಗಿ ಮೂಗು ಊದಿ ಸಿಂಬಳ ತೆಗೆಯಬಾರದು. ಮೂಗು ಮುರಿದ ಎಲ್ಲರಿಗೂ ಈ ದಾರಿ ಮುಚ್ಚಿದೆಯೆಂದಲ್ಲ, ಸಿ.ಟಿ. ಸ್ಕ್ಯಾನ್ ನೋಡಿದ ಮೇಲೆಯೇ ನಿರ್ಧಾರವಾಗುತ್ತದೆ.

ಈ ಇಕ್ಕಟ್ಟಿಗೆ ಸ್ಪೇನಿನ ಶಸ್ತ್ರವೈದ್ಯ ಫ್ರಾನ್ಸಿಸ್ಕೊ ಹೆರ್ನಾಂಡೆಸ್ ಅಲ್ಟೆಮಿರ್ 1986ರಲ್ಲಿ ಪ್ರಕಟಿಸಿದ ವಿಧಾನವೇ ಗದ್ದದ ಕೆಳಗಿನ ದಾರಿ. ಸುರುಳಿ ತಂತಿ ಅಡಕವಾಗಿರುವ, ಬಾಗಿದರೂ ಮಡಚಿ ಮುಚ್ಚಿಹೋಗದ ನಳಿಕೆಯನ್ನು ಮೊದಲು ಎಂದಿನಂತೆ ಬಾಯಿಂದಲೇ ಶ್ವಾಸನಾಳಕ್ಕೆ ಇಳಿಸುತ್ತಾರೆ. ಬಳಿಕ ಗದ್ದದ ಕೆಳಗೆ, ದವಡೆಯಂಚಿನ ಒಳಬದಿಯಲ್ಲಿ, ಸುಮಾರು 2 ಸೆಂಟಿಮೀಟರ್ ಕೊಯ್ದು, ಮೂಳೆಯ ಒಳಮೈಗೆ ಒತ್ತಿಕೊಂಡೇ ಬಾಯಿಯ ತಳದವರೆಗೆ ದಾರಿ ಬಿಡಿಸುತ್ತಾರೆ; ನಾಲಿಗೆಯ ನರಕ್ಕೂ ಜೊಲ್ಲಿನ ನಾಳಕ್ಕೂ ಪೆಟ್ಟಾಗದಿರಲಿ ಎಂಬುದೇ ಆ ಎಚ್ಚರಿಕೆಯ ಕಾರಣ. ನಳಿಕೆಯ ಪುಟ್ಟ ಬಲೂನನ್ನು ಮೊದಲು, ನಳಿಕೆಯ ಹೊರತುದಿಯನ್ನು ಆಮೇಲೆ ಆ ದಾರಿಯ ಮೂಲಕ ಹೊರಗೆಳೆದು ಮತ್ತೆ ಯಂತ್ರಕ್ಕೆ ಜೋಡಿಸಿ, ಎದೆಯ ಎರಡೂ ಬದಿ ಸ್ಟೆತಸ್ಕೋಪಿನಿಂದ ಆಲಿಸಿ, ಚರ್ಮಕ್ಕೆ ಹೊಲಿಗೆ ಹಾಕಿ ಭದ್ರಪಡಿಸುತ್ತಾರೆ. ಯಂತ್ರದಿಂದ ಕಳಚಿರುವ ಆ ಕೆಲವೇ ಕ್ಷಣಗಳಿಗಾಗಿ ಮುಂಚೆಯೇ ಶುದ್ಧ ಆಮ್ಲಜನಕ ಕೊಟ್ಟಿರುತ್ತಾರೆ. ಸೋಂಕು, ಜೊಲ್ಲು ಸೋರಿಕೆ, ದಪ್ಪ ಕಲೆ ಕೆಲವರಲ್ಲಿ ಉಂಟಾಗುತ್ತವೆ. ಆದರೂ ಹೆಚ್ಚಿನವರಲ್ಲಿ ಉಳಿಯುವುದು ಗದ್ದದ ನೆರಳಿನಲ್ಲಿ ಮರೆಯಾಗುವ ಒಂದು ಗೆರೆಯಷ್ಟೇ. ಹಲ್ಲಿನ ಕಚ್ಚು ಸರಿಹೋಗಲು ಇಷ್ಟು ಬೆಲೆ ತೆರುವುದು ಯೋಗ್ಯವೇ.

ಪ್ರಶ್ನೆ (ಇಚಲಕರಂಜಿ): ಗದ್ದದ ಕೆಳಗೆ ಕೊಯ್ಯುವುದಕ್ಕಿಂತ ಕುತ್ತಿಗೆಯಲ್ಲಿ ತೂತು ಮಾಡುವುದು ಸುರಕ್ಷಿತವಲ್ಲವೇ?

ಉತ್ತರ: ಟ್ರೇಕಿಯಾಸ್ಟಮಿ ಎಂಬ ಆ ವಿಧಾನದಲ್ಲಿ ಶ್ವಾಸನಾಳವನ್ನೇ ಕುತ್ತಿಗೆಯ ಮುಂಭಾಗದಲ್ಲಿ ತೆರೆಯುತ್ತಾರೆ. ತಲೆಗೆ ತೀವ್ರ ಪೆಟ್ಟಾಗಿ ಹಲವು ದಿನ ವೆಂಟಿಲೇಟರ್ ಬೇಕಾಗುವವರಿಗೆ ಅದೇ ಸರಿ. ಶಸ್ತ್ರಚಿಕಿತ್ಸೆ ಮುಗಿದೊಡನೆ ತಾನೇ ಉಸಿರಾಡಬಲ್ಲ ರೋಗಿಗೆ, ರಕ್ತಸ್ರಾವ ಮತ್ತು ಮುಂದೆ ಶ್ವಾಸನಾಳ ಕಿರಿದಾಗುವ ಸಂಭವವಿರುವ ಆ ಮಾರ್ಗ ಅಗತ್ಯಕ್ಕಿಂತ ದೊಡ್ಡದು.

ಪ್ರಶ್ನೆ (ಕೊಲ್ಹಾಪುರ): ಹಲ್ಲಿಗೆ ತಂತಿ ಬಿಗಿದು ಮನೆಗೆ ಕಳಿಸಿದ ಮೇಲೆ ವಾಂತಿಯಾದರೆ?

ಉತ್ತರ: ತಲೆಯನ್ನು ಮುಂದಕ್ಕೆ ಬಾಗಿಸಿ ಕೂರಿಸಿದರೆ ದ್ರವ ಆಹಾರ ಹಲ್ಲುಗಳ ಸಂದಿನಿಂದ ಹೊರಬರುತ್ತದೆ. ಉಸಿರು ಕಟ್ಟಿದರೆ ಮಾತ್ರ ತಂತಿ ಕತ್ತರಿಸಬೇಕು. ಕತ್ತರಿಸುವ ಕಟರ್ ರೋಗಿಯ ತಲೆದಿಂಬಿನ ಬಳಿಯೇ ಇರಬೇಕು, ಮತ್ತು ಯಾವ ತಂತಿ ಕತ್ತರಿಸಬೇಕೆಂಬುದನ್ನು ಬಿಡುಗಡೆಗೆ ಮುಂಚೆ ಮನೆಯವರೊಬ್ಬರು ಕಣ್ಣಾರೆ ನೋಡಿಕೊಂಡಿರಬೇಕು. ಆಸ್ಪತ್ರೆಯವರು ಮರಾಠಿಯಲ್ಲಿ ಹೇಳಿದ್ದು ಪೂರ್ತಿ ತಿಳಿಯದಿದ್ದರೆ ಕನ್ನಡ ಬಲ್ಲ ಸಿಬ್ಬಂದಿಯನ್ನು ಕರೆಸಿ ಕೇಳುವುದರಲ್ಲಿ ಸಂಕೋಚ ಬೇಡ.

ಪ್ರಶ್ನೆ (ಗಡಹಿಂಗ್ಲಜ): ಅಪಘಾತದ ಸ್ಥಳದಲ್ಲಿ ಏನು ಮಾಡಬೇಕು?

ಉತ್ತರ: ಕೆಳದವಡೆ ಎರಡೂ ಬದಿ ಮುರಿದಾಗ ನಾಲಿಗೆ ಆಧಾರ ತಪ್ಪಿ ಹಿಂದಕ್ಕೆ ಜಾರುವುದರಿಂದ, ಅಂತಹವರನ್ನು ಅಂಗಾತ ಮಲಗಿಸುವುದು ಅಪಾಯಕಾರಿ. ಎಚ್ಚರವಿದ್ದು ತಾನಾಗಿ ಮುಂದಕ್ಕೆ ಬಾಗಿ ಕೂತವರನ್ನು ಹಾಗೆಯೇ ಬಿಡಬೇಕು. ಎಚ್ಚರ ತಪ್ಪಿದವರ ಕುತ್ತಿಗೆ ತಿರುಚದಂತೆ ತಲೆ ಮತ್ತು ಮೈಯನ್ನು ಒಟ್ಟಿಗೆ ಪಕ್ಕಕ್ಕೆ ಹೊರಳಿಸಿ, ಬಾಯಲ್ಲಿ ಕಾಣುವ ರಕ್ತದ ಗಡ್ಡೆ ತೆಗೆದು, 108ಕ್ಕೆ ಕರೆ ಮಾಡಬೇಕು. ಸಂಕಟಪಡುವವರಿಗೆ ನೀರು ಕುಡಿಸಬೇಕೆನಿಸುವುದು ಸಹಜ, ಆದರೆ ಕೊಡಬಾರದು, ಏಕೆಂದರೆ ಅರಿವಳಿಕೆಯ ವೇಳೆ ಅದು ಶ್ವಾಸಕೋಶಕ್ಕೆ ನುಗ್ಗಬಹುದು. ರಸ್ತೆಯಲ್ಲಿ ಉದುರಿದ ಹಲ್ಲುಗಳನ್ನು ಆರಿಸಿ ರೋಗಿಯ ಜೊತೆಗೇ ಕಳಿಸಬೇಕು. ಲೆಕ್ಕಕ್ಕೆ ಸಿಗದ ಹಲ್ಲು ಶ್ವಾಸಕೋಶ ಸೇರಿದೆಯೇ ಎಂದು ವೈದ್ಯರು ಎದೆಯ ಎಕ್ಸ್‌ರೇ ತೆಗೆದು ನೋಡುತ್ತಾರೆ.