ಹಳೆಯ ಬ್ಯಾಂಕಿನಲ್ಲಿ ಮಧ್ಯಾಹ್ನದ ಊಟ

ಪಬ್ ಎಂದರೆ ಕುಡಿಯುವವರ ಜಾಗ ಎಂದುಕೊಂಡು ಲಂಡನ್ನಿನಲ್ಲೂ ಬಾಗಿಲಿಂದಲೇ ಹಿಂದೆ ಸರಿಯುವವರಿದ್ದಾರೆ. ಆದರೆ ಹಗಲು ಹೊತ್ತಿನ ಪಬ್ ಹೆಚ್ಚುಕಡಿಮೆ ಊಟದ ಮನೆಯೇ. ಮೊದಲ ಸಲ ಹೋಗುವವರಿಗೆ ಫ್ಲೀಟ್ ಸ್ಟ್ರೀಟಿನ 'ದಿ ಓಲ್ಡ್ ಬ್ಯಾಂಕ್ ಆಫ್ ಇಂಗ್ಲೆಂಡ್' ಒಳ್ಳೆಯ ಆಯ್ಕೆ. 1888ರಿಂದ 1975ರವರೆಗೆ ಅದು ಬ್ಯಾಂಕ್ ಆಫ್ ಇಂಗ್ಲೆಂಡಿನ ಶಾಖೆಯಾಗಿತ್ತು. ಪಬ್ ಆದದ್ದು 1990ರ ದಶಕದಲ್ಲಿ.

ಹಂತ 1: ಹೊತ್ತು ನೋಡಿ ಹೊರಡಿ
ಪಕ್ಕದಲ್ಲೇ ರಾಯಲ್ ಕೋರ್ಟ್ಸ್ ಆಫ್ ಜಸ್ಟಿಸ್ ಇದೆ. ಮಧ್ಯಾಹ್ನ ಒಂದರ ಸುಮಾರಿಗೆ ಕಲಾಪ ನಿಂತರೆ ವಕೀಲರಿಗೂ ಹಸಿವು. ಅದಕ್ಕೆ ಹನ್ನೆರಡಕ್ಕೇ ಹೋಗಿ. ಟೆಂಪಲ್ ನಿಲ್ದಾಣದಲ್ಲಿ ಇಳಿದರೆ ಸ್ವಲ್ಪವೇ ನಡಿಗೆ. ಈ ಭಾಗದ ಕೆಲವು ಪಬ್‌ಗಳು ಶನಿವಾರ, ಭಾನುವಾರ ಬಾಗಿಲು ಹಾಕುತ್ತವೆ, ವಿಚಾರಿಸಿಕೊಂಡು ಹೋಗಿ.

ಹಂತ 2: ಮೊದಲು ತಲೆ ಎತ್ತಿ
ಮೆನು ಆಮೇಲೆ. ಎತ್ತರದ ಅಲಂಕೃತ ಚಾವಣಿ, ತೂಗುದೀಪಗಳು, ಗೋಡೆಚಿತ್ರಗಳು, ನಡುವೆ ದ್ವೀಪದಂತೆ ನಿಂತ ಬಾರ್ ನೋಡಿ. ವಿನ್ಯಾಸ ಆರ್ಥರ್ ಬ್ಲೋಮ್‌ಫೀಲ್ಡ್ ಅವರದು. ಕಾದಂಬರಿಕಾರ ಥಾಮಸ್ ಹಾರ್ಡಿ ತರುಣನಾಗಿದ್ದಾಗ ಇವರ ಕಚೇರಿಯಲ್ಲೇ ದುಡಿದಿದ್ದ. ದುಡ್ಡು ಇಡಲು ಬಂದವನಿಗೆ ಇದು ಮುಳುಗುವ ಬ್ಯಾಂಕಲ್ಲ ಎನಿಸಬೇಕು, ಅದಕ್ಕೇ ಇಷ್ಟು ವೈಭವ. ಬ್ರಿಟನ್ನಿನಲ್ಲಿ ಬ್ಯಾಂಕ್ ಶಾಖೆಗಳು ಮುಚ್ಚುತ್ತ ಹೋದಂತೆ ಇಂಥ ದೊಡ್ಡ ಹಜಾರಗಳು ಪಬ್‌ಗಳ ಪಾಲಾದವು. ಸಂರಕ್ಷಿತ ಕಟ್ಟಡವನ್ನು ಅನುಮತಿಯಿಲ್ಲದೆ ಬದಲಿಸುವಂತಿಲ್ಲ. ಹಾಗಾಗಿ ಹಳೆಯ ಗತ್ತು ಉಳಿದಿದೆ.

ಹಂತ 3: ಮೇಜು ಹಿಡಿಯಿರಿ
'ಕಾಯ್ದಿರಿಸಲಾಗಿದೆ' ಎಂಬ ಚೀಟಿ ಇಲ್ಲದ ಮೇಜಿಗೆ ಕೂತು, ಅದರ ನಂಬರು ನೆನಪಿಟ್ಟುಕೊಳ್ಳಿ. ಒಬ್ಬರು ಅಲ್ಲೇ ಇರಲಿ.

ಹಂತ 4: ಬಾರ್‌ಗೆ ಹೋಗಿ ಹೇಳಿ
ಹೊಸಬರು ತಬ್ಬಿಬ್ಬಾಗುವುದು ಇಲ್ಲೇ. ಕೆಲವೆಡೆ ಮೇಜಿಗೇ ಬಂದು ಕೇಳುತ್ತಾರೆ, ಆದರೆ ಹಳೆಯ ಪದ್ಧತಿಯ ಪಬ್‌ನಲ್ಲಿ ಯಾರೂ ಬರುವುದಿಲ್ಲ. ಕಾಯುತ್ತ ಕೂತರೆ ಸಂಜೆಯಾದೀತು. ಬಾರ್ ಎದುರು ಸಾಲು ಕಾಣದು, ಸರದಿ ಮಾತ್ರ ಇದ್ದೇ ಇದೆ. ನಿಮಗಿಂತ ಮೊದಲು ಬಂದವರು ಯಾರೆಂದು ಗಮನಿಸಿ, ಸುಮ್ಮನೆ ನಿಲ್ಲಿ. ಕೈ ಬೀಸುವುದು, ಕೂಗುವುದು ಬೇಡ. ನಿಮಗಿಂತ ಮುಂಚಿನವರನ್ನು ಬಿಟ್ಟು ನಿಮ್ಮನ್ನೇ ಕೇಳಿದರೆ ಅವರತ್ತ ತೋರಿಸಿ, ಗೌರವ ಹೆಚ್ಚುತ್ತದೆ. ಮೇಜಿನ ನಂಬರು, ಊಟ, ಪಾನೀಯ ಎಲ್ಲ ಒಟ್ಟಿಗೇ ಹೇಳಿ ಆಗಲೇ ಹಣ ಕೊಡಿ. ಒಂದು ಪೈಂಟ್ ಎಂದರೆ 568 ಮಿಲಿಲೀಟರ್. ಅರ್ಧ ಪೈಂಟ್ ಕೇಳಿದರೆ ಯಾರೂ ಹುಬ್ಬೇರಿಸುವುದಿಲ್ಲ. ಕುಡಿಯದವರು ಲೈಮ್ ಸೋಡಾ ಕೇಳಬಹುದು. ಮದ್ಯ ಮಾರುವ ಜಾಗದಲ್ಲಿ ನಲ್ಲಿ ನೀರನ್ನು ಕೇಳಿದರೆ ಪುಕ್ಕಟೆ ಕೊಡಲೇಬೇಕೆಂಬ ನಿಯಮ ಇಂಗ್ಲೆಂಡಿನಲ್ಲಿದೆ.

ಹಂತ 5: ತಟ್ಟೆಯಲ್ಲಿ ಏನಿದೆ, ಕೇಳಿ
ಪಬ್ಬಿನ ಹೆಸರಾಂತ ತಿನಿಸು ಪೈ. ಈ ಬೀದಿಗೆ ಅದರದೊಂದು ಕರಾಳ ಕಥೆಯೂ ಅಂಟಿಕೊಂಡಿದೆ: ಗಿರಾಕಿಗಳ ಕತ್ತು ಕೊಯ್ಯುವ ಕ್ಷೌರಿಕ ಸ್ವೀನಿ ಟಾಡ್, ಆ ಮಾಂಸದಿಂದ ಪೈ ಮಾಡುವ ಲವೆಟ್. 1846ರಲ್ಲಿ ಆರಂಭವಾದ ಧಾರಾವಾಹಿ ಕಥೆ ಅದು, ಹೆದರಬೇಡಿ. ಸಸ್ಯಾಹಾರಿಗಳು ಹೆದರಬೇಕಾದ್ದು ಬೇರೆಯದಕ್ಕೆ. ಪೈ ಹಿಟ್ಟಿನಲ್ಲಿ ಪ್ರಾಣಿಕೊಬ್ಬು ಇರಬಹುದು, ಕೆಲವೆಡೆ ಆಲೂ ಚಿಪ್ಸನ್ನು ದನದ ಕೊಬ್ಬಿನಲ್ಲೇ ಕರಿಯುತ್ತಾರೆ, ಗ್ರೇವಿಯ ಬುಡದಲ್ಲಿ ಮಾಂಸದ ಸಾರು ಇರಬಹುದು. ಮೆನುವಿನಲ್ಲಿ 'ವಿ' ಗುರುತು ನೋಡಿ, ಆದರೂ ಒಂದು ಮಾತು ಕೇಳಿ. ಯಾರೂ ಬೇಸರಿಸುವುದಿಲ್ಲ.

ಹಂತ 6: ಹೊರಡುವಾಗ
ಬಾರ್‌ನಲ್ಲೇ ಹಣ ಕೊಟ್ಟಿದ್ದರೆ ಟಿಪ್ಸ್ ಕೊಡಲೇಬೇಕೆಂದಿಲ್ಲ. ಮೇಜಿಗೆ ತಂದುಕೊಟ್ಟ ಊಟವಾದರೆ ಬಿಲ್ಲಿನಲ್ಲಿ ಸೇವಾಶುಲ್ಕ ಸೇರಿರಬಹುದು, ಎರಡು ಸಲ ಕೊಡಬೇಡಿ. ಖಾಲಿ ಲೋಟವನ್ನು ಬಾರ್‌ಗೆ ತಂದಿಟ್ಟರೆ ಒಳಗಿದ್ದವರಿಗೆ ಖುಷಿ.